ಓದುಗರ ಕೈಕೆಲಸ ಪ್ರಶ್ನೋತ್ತರ: ಪುಟ್ಟ ಟ್ಯಾಂಕ್, ಕುಸಿದ ಬೀದಿ

ಪ್ಲಾಸ್ಟಿಕ್ ಟ್ಯಾಂಕ್ ಮಾಡೆಲ್ ಜೋಡಿಸುವ ಬಗ್ಗೆ ಈ ಅಂಕಣದಲ್ಲಿ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಟ್ಯಾಂಕ್ ಬಗ್ಗೆ ಕೇಳಲೇ ಇಲ್ಲ, ಅದು ನಿಲ್ಲುವ ಜಾಗದ ಬಗ್ಗೆ ಕೇಳಿವೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: 1/72 ಅಳತೆಯ, ಅಮೆರಿಕದ ಶರ್ಮನ್ ಟ್ಯಾಂಕ್ ಜೋಡಿಸಿ ಮುಗಿಸಿದ್ದೇನೆ. ಎರಡನೇ ಮಹಾಯುದ್ಧದ ಹಾಳುಬಿದ್ದ ಬೀದಿಯೊಂದರಲ್ಲಿ ಅದನ್ನು ನಿಲ್ಲಿಸುವ ಆಸೆ. ಎಲ್ಲಿಂದ ಶುರು ಮಾಡಲಿ? ಹಲಗೆ ಎಷ್ಟು ದೊಡ್ಡದಿರಬೇಕು?
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಮೊದಲು ಊರು ಮತ್ತು ದಿನ ಗೊತ್ತು ಮಾಡಿಕೊಳ್ಳಿ. ‘ಯುರೋಪಿನ ಯಾವುದೋ ಒಂದು ಬೀದಿ’ ಅಂತ ಹೊರಟರೆ ಗೋಡೆ ಕಲ್ಲಿನದೋ ಇಟ್ಟಿಗೆಯದೋ, ಮಾಡಿಗೆ ಎಂಥ ಹೆಂಚು, ನೆಲ ಒಣಗಿತ್ತೋ ಕೆಸರಾಗಿತ್ತೋ ಅಂತ ಪ್ರತಿಯೊಂದಕ್ಕೂ ಊಹೆ ಮಾಡುತ್ತಾ ಕೂರಬೇಕಾಗುತ್ತದೆ, ಕೊನೆಗೆ ಅದು ಯಾವ ಊರೂ ಆಗುವುದಿಲ್ಲ.

ನನ್ನ ಸಲಹೆ ಒರ್ಟೋನಾ. ಇಟಲಿಯ ಪೂರ್ವ ಕರಾವಳಿಯಲ್ಲಿ ಏಡ್ರಿಯಾಟಿಕ್ ಸಮುದ್ರದ ದಂಡೆಯಲ್ಲಿರುವ ಚಿಕ್ಕ ಬಂದರು ಊರು ಅದು. 1943ರ ಡಿಸೆಂಬರ್ 20ರಿಂದ 28ರವರೆಗೆ ಅಲ್ಲಿ ಕೆನಡಾದ ಸೈನಿಕರಿಗೂ ಜರ್ಮನಿಯ 1ನೇ ಪ್ಯಾರಾಶೂಟ್ ಡಿವಿಷನ್‌ಗೂ ಮನೆ ಮನೆಯಲ್ಲಿ ಕಾಳಗ ನಡೆಯಿತು. ಅಂದಿನ ಪತ್ರಕರ್ತರು ಅದನ್ನು ಪುಟ್ಟ ಸ್ಟಾಲಿನ್‌ಗ್ರಾಡ್ ಎಂದೇ ಬರೆದರು. ಲಾಯಲ್ ಎಡ್ಮಂಟನ್ ಮತ್ತು ಸೀಫೋರ್ತ್ ಹೈಲ್ಯಾಂಡರ್ಸ್ ಕಾಲಾಳುಗಳ ಜೊತೆ ಥ್ರೀ ರಿವರ್ಸ್ ರೆಜಿಮೆಂಟ್‌ನ ಶರ್ಮನ್‌ಗಳು ಆ ಬೀದಿಗಳಲ್ಲಿ ಹೋಗಿದ್ದವು. ಅಂದರೆ ನಿಮ್ಮ ಟ್ಯಾಂಕಿಗೆ ಅಲ್ಲಿ ನಿಜವಾಗಿಯೂ ಜಾಗ ಇದೆ. ಕೆನಡಾದ ಸೇನೆಯ ಛಾಯಾಗ್ರಾಹಕರು ತೆಗೆದ ಫೋಟೋಗಳೂ ಸಾಕಷ್ಟು ಸಿಗುತ್ತವೆ. ನಮಗೂ ಒಂದು ನಂಟಿದೆ. ಅದೇ ವಾರ ಅಲ್ಲಿಂದ ಕೆಲವೇ ಕಿಲೋಮೀಟರ್ ಒಳನಾಡಿನಲ್ಲಿ, ವಿಲ್ಲಾ ಗ್ರಾಂಡೆ ಎಂಬ ಹಳ್ಳಿಗಾಗಿ 8ನೇ ಭಾರತೀಯ ಡಿವಿಷನ್ ಹೋರಾಡುತ್ತಿತ್ತು. ಮರಾಠಾ ಲೈಟ್ ಇನ್‌ಫಂಟ್ರಿಯ ಒಂದು ಬಟಾಲಿಯನ್ ಆ ಡಿವಿಷನ್‌ನಲ್ಲಿತ್ತು. ಆ ರೆಜಿಮೆಂಟ್‌ನ ಕೇಂದ್ರ ಇರುವುದು ನಿಮ್ಮ ಪಕ್ಕದ ಬೆಳಗಾವಿಯಲ್ಲೇ.

ಈಗ ಅಳತೆ. 1/72 ಅಂದರೆ ನಿಜವಾದದ್ದರ 72ನೇ ಒಂದು ಭಾಗದ ಗಾತ್ರ. ಶರ್ಮನ್ ಅಗಲ ಸುಮಾರು 2.6 ಮೀಟರ್, ಎತ್ತರ 2.7 ಮೀಟರ್. 72ರಿಂದ ಭಾಗಿಸಿದರೆ 36 ಮತ್ತು 38 ಮಿ.ಮೀ. 5 ಮೀಟರ್ ಅಗಲದ ಬೀದಿ ನಿಮ್ಮ ಹಲಗೆಯ ಮೇಲೆ 70 ಮಿ.ಮೀ. ಆಗುತ್ತದೆ. ಟ್ಯಾಂಕಿನ ಎರಡೂ ಕಡೆ ಉಳಿಯುವ ಜಾಗ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಇಕ್ಕಟ್ಟು ಇರಲಿ, ಬಿಡಬೇಡಿ. ನೋಡುವವರಿಗೆ ಟ್ಯಾಂಕ್ ಅಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನಿಸಬೇಕು. ಮೂರು ಮಹಡಿಯ, 10 ಮೀಟರ್ ಎತ್ತರದ ಮನೆ ಅಂದರೆ 139 ಮಿ.ಮೀ. ಹಲಗೆ ಒಂದು ಎ4 ಹಾಳೆಯಷ್ಟಿದ್ದರೆ ಸಾಕು. ಅದರ ಉದ್ದದಲ್ಲಿ 21 ಮೀಟರ್ ಬೀದಿ ಹಿಡಿಯುತ್ತದೆ. ಬೀದಿಯನ್ನು ಹಲಗೆಯ ಅಂಚಿಗೆ ನೇರವಾಗಿ ಇಡಬೇಡಿ, ಸ್ವಲ್ಪ ಓರೆಯಾಗಿ ಹಾಯಿಸಿ. ಆಗ ಬೀದಿ ಹಲಗೆಯ ಆಚೆಗೂ ಮುಂದುವರಿದಂತೆ ಕಾಣುತ್ತದೆ.

ಪ್ರಶ್ನೆ: ಗೋಡೆ ಮಾಡಿದೆ, ಸುತ್ತ ಜಲ್ಲಿ, ಮರಳು ಸುರಿದು ಅಂಟಿಸಿದೆ. ಆದರೂ ಕುಸಿದ ಮನೆ ಅನ್ನಿಸುತ್ತಿಲ್ಲ, ಮನೆ ಕಟ್ಟುವ ಸೈಟ್ ಥರ ಕಾಣುತ್ತಿದೆ. ಏನು ಮಾಡಲಿ?
(ಓದುಗರು, ತುಮಕೂರು)

ಇದು ಒಳ್ಳೆಯ ಪ್ರಶ್ನೆ, ಈ ಕೆಲಸದ ತಿರುಳೇ ಇದು. ನಿಮ್ಮ ಹಲಗೆಯ ಮೇಲಿನ ಒಂದೊಂದು ತುಣುಕೂ ಎಲ್ಲಿಂದ ಬಿತ್ತು ಅಂತ ನೀವು ಬೆರಳಿಟ್ಟು ತೋರಿಸುವಂತಿರಬೇಕು. ಅಂಗಡಿಯ ಗ್ರಾನೈಟ್ ಜಲ್ಲಿ ಆ ಗೋಡೆಯಿಂದ ಬಿದ್ದದ್ದಲ್ಲ, ಹೊಳೆಮರಳಿನ ದುಂಡು ಕಾಳೂ ಅಲ್ಲ. ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ, ಯಾಕೆ ಅಂತ ಹೇಳಲು ಬರದಿದ್ದರೂ.

ಅದಕ್ಕೆ ದಾರಿ ಹೀಗಿದೆ. ಗಾಜಿನ ಮೇಲೆ ಚೌಕಟ್ಟು ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು 5ರಿಂದ 6 ಮಿ.ಮೀ. ದಪ್ಪಕ್ಕೆ ಹಾಳೆಯಂತೆ ಎರಕ ಹೊಯ್ಯಿರಿ. 72ರ ಅಳತೆಯಲ್ಲಿ ಅದು ಸುಮಾರು 40 ಸೆಂಟಿಮೀಟರ್ ದಪ್ಪದ ಗೋಡೆ, ಹಳೇ ಇಟಾಲಿಯನ್ ಮನೆಗೆ ಸರಿಹೋಗುತ್ತದೆ. ಗಟ್ಟಿಯಾಗಿ, ಇನ್ನೂ ತೇವ ಇರುವಾಗಲೇ ಕಿಟಕಿ ಬಾಗಿಲು ಕೊರೆದು, ಸೂಜಿಯಿಂದ ಕಲ್ಲು ಇಟ್ಟಿಗೆಯ ಗೆರೆ ಎಳೆಯಿರಿ. ಎಲ್ಲ ಕಡೆ ಎಳೆಯಬೇಡಿ. ಆ ಮನೆಗಳ ಗೋಡೆಗೆ ಗಾರೆ ಮೆತ್ತಿರುತ್ತದೆ, ಗಾರೆ ಉದುರಿದ ಕಡೆ ಮಾತ್ರ ಒಳಗಿನ ಇಟ್ಟಿಗೆ ಕಾಣಬೇಕು. 25 ಸೆಂಟಿಮೀಟರ್ ಉದ್ದ, 5.5 ಸೆಂಟಿಮೀಟರ್ ದಪ್ಪದ ಇಟ್ಟಿಗೆ ನಿಮ್ಮಲ್ಲಿ 3.5 ಮಿ.ಮೀ. ಉದ್ದ, ಒಂದು ಮಿ.ಮೀ.ಗಿಂತ ಕಡಿಮೆ ದಪ್ಪ ಆಗುತ್ತದೆ. ದೊಡ್ಡ ಇಟ್ಟಿಗೆ ಕೊರೆದರೆ ಮನೆಯೇ ಗೊಂಬೆಮನೆ ಆಗಿಬಿಡುತ್ತದೆ.

ಆಮೇಲೆ ಮೇಲಿನ ಭಾಗವನ್ನು ಕೈಯಿಂದಲೇ ಮುರಿಯಿರಿ. ಚಾಕುವಿನಲ್ಲಿ ಕತ್ತರಿಸಿದ ಅಂಚು ಎಷ್ಟೇ ಮಾಡಿದರೂ ಕತ್ತರಿಸಿದ ಹಾಗೇ ಕಾಣುತ್ತದೆ. ಮುರಿದ ತುಂಡುಗಳನ್ನು ಎಸೆಯಬೇಡಿ, ಅವೇ ನಿಮ್ಮ ರಾಶಿ. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಜಜ್ಜಿ, ಹಿಟ್ಟಿನ ಜರಡಿ ಮತ್ತು ಟೀ ಜರಡಿಯಲ್ಲಿ ಸೋಸಿ, ದಪ್ಪ ತುಂಡು, ನುಚ್ಚು, ಪುಡಿ ಅಂತ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಗೋಡೆಯ ಬುಡದಲ್ಲಿ ದಪ್ಪ ತುಂಡು ಮೊದಲು, ಸಂದಿಗಳಲ್ಲಿ ನುಚ್ಚು, ಎಲ್ಲದರ ಮೇಲೆ ಪುಡಿ. ಜಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ.

ರಾಶಿ ಎಷ್ಟು ಎತ್ತರ ಇರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಕಟ್ಟಡ ಕುಸಿದಾಗ ಅದರ ಹೊರ ಅಳತೆಯ ಸುಮಾರು ಮೂರನೇ ಒಂದು ಭಾಗದಷ್ಟು ಕಲ್ಲುಮಣ್ಣು ಉಳಿಯುತ್ತದೆ ಅಂತ ವಿಪತ್ತು ಪರಿಹಾರದವರು ಅಂದಾಜು ಹಾಕುತ್ತಾರೆ. 9 ಮೀಟರ್ ಮನೆ ನಿಂತಲ್ಲೇ ಕುಸಿದರೆ 3 ಮೀಟರ್ ರಾಶಿ. ನಿಮ್ಮ ಹಲಗೆಯಲ್ಲಿ ಅದು 42 ಮಿ.ಮೀ., ಅಂದರೆ ಟ್ಯಾಂಕಿಗಿಂತ ಎತ್ತರ! ಹೆಚ್ಚಿನವರು ಗೋಡೆಯನ್ನು ಅರ್ಧ ಕೆಡವಿ, ಕೆಳಗೆ ಒಂದು ಹಿಡಿ ನುಚ್ಚು ಹಾಕಿ ನಿಲ್ಲಿಸುತ್ತಾರೆ. ಉಳಿದ ಮನೆ ಎಲ್ಲಿ ಹೋಯಿತು ಅಂತ ನೋಡುವವರ ಮನಸ್ಸು ಕೇಳುತ್ತಲೇ ಇರುತ್ತದೆ.

ಒರ್ಟೋನಾದಲ್ಲಂತೂ ಈ ರಾಶಿಗಳೇ ಕಾಳಗದ ಮುಖ್ಯ ಆಯುಧ ಆಗಿದ್ದವು. ಜರ್ಮನ್ ಪ್ಯಾರಾಟ್ರೂಪರ್‌ಗಳು ಬೇಕಂತಲೇ ಮನೆಗಳನ್ನು ಸ್ಫೋಟಿಸಿ ಬೀದಿಗೆ ಅಡ್ಡ ಕೆಡವಿದರು. ಪಕ್ಕದ ಗಲ್ಲಿಗಳನ್ನು ಮುಚ್ಚಿ, ಎದುರಾಳಿಯು ತಾವು ಬಂದೂಕು ಗುರಿಯಿಟ್ಟ ಕಡೆಗೇ ಬರುವಂತೆ ಮಾಡಿದರು. ರಾಶಿಯ ಒಳಗೆ ನೆಲಬಾಂಬ್, ಹಿಂದೆ ಮಷಿನ್ ಗನ್. ಶರ್ಮನ್ ನೇರವಾಗಿ ಹತ್ತಬಲ್ಲ ಮೆಟ್ಟಿಲು 60 ಸೆಂಟಿಮೀಟರ್, ನಿಮ್ಮ ಅಳತೆಯಲ್ಲಿ 8.5 ಮಿ.ಮೀ. ಮಾತ್ರ. ಇಳಿಜಾರಿನ ರಾಶಿ ಹತ್ತಲು ಹೋದರೆ ಅದರ ತೆಳು ಹೊಟ್ಟೆ ಎದುರಿನ ಗನ್ನಿಗೆ ಕಾಣಿಸುತ್ತದೆ. ಹಾಗಾಗಿ ನಿಮ್ಮ ಟ್ಯಾಂಕನ್ನು ರಾಶಿಯ ಮುಂದೆ ನಿಲ್ಲಿಸಿ, ಮೇಲೆ ಅಲ್ಲ. ಕತೆ ಅಲ್ಲೇ ಇದೆ.

ಪ್ರಶ್ನೆ: ಸೈನಿಕರನ್ನು ಎಲ್ಲಿ ನಿಲ್ಲಿಸಬೇಕು? ಕಿಟ್ ಜೊತೆ ಬಂದವರೆಲ್ಲ ಓಡುವ ಭಂಗಿಯಲ್ಲಿದ್ದಾರೆ.
(ಓದುಗರು, ಚಿತ್ರದುರ್ಗ)

ಬೀದಿಯ ಮಧ್ಯೆ ಮಾತ್ರ ಬೇಡ. ಒರ್ಟೋನಾದ ಬೀದಿಯಲ್ಲಿ ಓಡಿದವರು ಬಹಳ ದೂರ ಹೋಗುತ್ತಿರಲಿಲ್ಲ. ಅದಕ್ಕೇ ಕೆನಡಾದವರು ಬೀದಿಗೆ ಇಳಿಯದೆ, ಒಂದು ಮನೆಯ ಮೇಲ್ಮಹಡಿಯಿಂದ ಪಕ್ಕದ ಮನೆಯ ಗೋಡೆಗೆ ಸ್ಫೋಟಕ ಇಟ್ಟು ಕಿಂಡಿ ಮಾಡಿ, ಆ ಮನೆಯನ್ನು ಮೇಲಿಂದ ಕೆಳಕ್ಕೆ ತೆರವು ಮಾಡುತ್ತಾ ಸಾಲು ಮನೆಗಳ ಒಳಗಿನಿಂದಲೇ ಮುಂದೆ ಹೋದರು. ಇದನ್ನು ತೋರಿಸಲು ನಿಮಗೆ ಸುಲಭದ ದಾರಿ ಇದೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ, ಮೇಲಿನ ಮಹಡಿಯಲ್ಲಿ, ಮನುಷ್ಯ ನುಸುಳುವಷ್ಟು ಒಂದು ತೂತು ಕೊರೆಯಿರಿ. 10 ಮಿ.ಮೀ. ಸಾಕು. ಅದರ ಎರಡೂ ಕಡೆ ಒಬ್ಬೊಬ್ಬ ಸೈನಿಕ. ಓಡುವ ಭಂಗಿಯವನ ಕಾಲನ್ನು ಕತ್ತರಿಸಿ ಮಂಡಿ ಊರಿಸಬಹುದು, ಇಷ್ಟು ಚಿಕ್ಕ ಅಳತೆಯಲ್ಲಿ ಅದು ಕಷ್ಟವೇನಲ್ಲ. ಗುಂಡಿನ ಗುರುತುಗಳನ್ನು ಗೋಡೆಯ ತುಂಬ ಚೆಲ್ಲಬೇಡಿ. ಗುಂಡು ಹಾರಿಸಿದ್ದು ಕಿಟಕಿಗೆ ತಾನೇ? ಕಿಟಕಿಯ ಸುತ್ತ ದಟ್ಟವಾಗಿ ಇರಲಿ, ದೂರ ಹೋದ ಹಾಗೆ ಕಡಿಮೆಯಾಗಲಿ.

ಪ್ರಶ್ನೆ: ಥರ್ಮಾಕೋಲ್ ಗೋಡೆಗೆ ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಕರಗಿ ಹೋಯಿತು. ಯಾಕೆ?
(ಓದುಗರು, ಮಂಡ್ಯ)

ಸ್ಪ್ರೇ ಡಬ್ಬಿಯಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆ. ಫೆವಿಕ್ವಿಕ್ ಥರದ ಅಂಟೂ ಹಾಗೇ. ಮೊದಲು ಫೆವಿಕಾಲ್ ಮತ್ತು ವಾಲ್ ಪುಟ್ಟಿ ಕಲಸಿ ಬಳಿದು ಒಣಗಿಸಿ, ನಂತರ ನೀರಿನ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚಿ. ನೆಲದ ಏರು ತಗ್ಗಿಗೆ ಥರ್ಮಾಕೋಲ್ ಪರವಾಗಿಲ್ಲ, ಗೋಡೆಗೆ ಬೇಡ. ಮುರಿದ ಕಡೆ ಬಿಳಿ ಕಾಳು ಕಾಳಾಗಿ ಕಾಣುತ್ತದೆ.

ಪ್ರಶ್ನೆ: ಮಾಡಿಗೆ ಮಂಗಳೂರು ಹೆಂಚು ಮಾಡಿದ್ದೇನೆ, ಚೆನ್ನಾಗಿ ಬಂದಿದೆ. ಇಟಲಿಯ ಮನೆಗೆ ನಡೆಯುತ್ತದಾ?
(ನಿವೃತ್ತ ಶಿಕ್ಷಕರು, ಉಡುಪಿ)

ನೀವು ಕಳಿಸಿದ ಫೋಟೋ ನೋಡಿ ಖುಷಿಯಾಯಿತು, ಅಷ್ಟು ಅಚ್ಚುಕಟ್ಟು. ಆದರೆ ಒರ್ಟೋನಾಕ್ಕೆ ಅದು ಹೊಂದುವುದಿಲ್ಲ. ಮಂಗಳೂರು ಹೆಂಚು ಚಪ್ಪಟೆ, ಒಂದಕ್ಕೊಂದು ಕೊಂಡಿಯಾಗಿ ಕೂರುವಂಥದ್ದು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ್ದು. ಇಟಲಿಯ ಹಳೇ ಮನೆಗಳ ಮೇಲೆ ಇರುವುದು ಅರ್ಧ ಕೊಳವೆಯಾಕಾರದ ಹೆಂಚು, ಮಂಗಳೂರು ಹೆಂಚು ಬರುವ ಮುಂಚೆ ನಮ್ಮ ಮನೆಗಳ ಮೇಲಿದ್ದ ನಾಡಹೆಂಚಿನ ಜಾತಿಯದೇ. ನಾಡಹೆಂಚಿನ ಹಳೇ ಮನೆ ಇನ್ನೂ ನಿಮ್ಮ ಸುತ್ತಮುತ್ತ ಉಳಿದಿದ್ದರೆ ಹೋಗಿ ನೋಡಿ. ಒಂದು ಸಾಲು ಅಂಗಾತ, ಮೇಲಿನ ಸಾಲು ಮಗುಚಿ ಹೇಗೆ ಕೂರುತ್ತದೆ, ಒಡೆದಾಗ ಹೇಗೆ ಜಾರುತ್ತದೆ ಅನ್ನುವುದು ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಮಾಡುವುದು ಹೀಗೆ: ಸಣ್ಣ ಸಾಮಾನಿನ ಪೆಟ್ಟಿಗೆಗಳಲ್ಲಿ ಅಲೆ ಅಲೆಯಾದ ತೆಳು ರಟ್ಟು ಬರುತ್ತದಲ್ಲ, ಅದರ ಮೇಲಿನ ಹಾಳೆಯನ್ನು ನೀರು ಹಚ್ಚಿ ಸುಲಿಯಿರಿ. ಅಲೆಯಿಂದ ಅಲೆಗೆ 3 ಮಿ.ಮೀ. ಮೀರದ ರಟ್ಟು ಹುಡುಕಿ. ಅದನ್ನು 6 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಿ. ಒಡೆದು ಬಿದ್ದ ಬಿಡಿ ಹೆಂಚಿಗೆ ಕಾಗದವನ್ನು ಹೆಣಿಗೆ ಕಡ್ಡಿಗೆ ಸುತ್ತಿ ಒಣಗಿಸಿ ಸೀಳಿಕೊಳ್ಳಿ. ಮಾಡು ಕುಸಿದ ಕಡೆ ರಾಶಿಯಲ್ಲಿ ಹೆಂಚು ಮೇಲ್ಗಡೆ ಇರಬೇಕೋ ಕೆಳಗೋ ಅಂತಲೂ ಯೋಚಿಸಿ. ಮನೆ ನಿಂತಲ್ಲೇ ಕೂತರೆ ಹೆಂಚು, ಜಂತೆ ಮೇಲೆ ಉಳಿಯುತ್ತವೆ. ಶೆಲ್ ಬಡಿದು ಮಾಡು ಮೊದಲು ಹೋಗಿ, ಗೋಡೆ ಆಮೇಲೆ ಬಿದ್ದಿದ್ದರೆ ಹೆಂಚು ಕೆಳಗೆ ಹೂತಿರುತ್ತದೆ.

ಜಂತೆಗೆ ಬೆಂಕಿಕಡ್ಡಿ ಸಾಕು. 2 ಮಿ.ಮೀ. ಕಡ್ಡಿ ಅಂದರೆ 14 ಸೆಂಟಿಮೀಟರ್ ತೊಲೆ. ಕತ್ತರಿಸದೆ ಮುರಿಯಿರಿ, ಸಿಬಿರು ಏಳಲಿ. ಮತ್ತೆ ಗೋಡೆಯಲ್ಲಿ ಜಂತೆ ಕೂತಿದ್ದ ಗೂಡುಗಳನ್ನು ಸಾಲಾಗಿ ಕೊರೆಯಲು ಮರೆಯಬೇಡಿ. ಇಲ್ಲಿ ಮಹಡಿ ಇತ್ತು ಅಂತ ಹೇಳುವುದೇ ಆ ಖಾಲಿ ಗೂಡುಗಳು.

ಪ್ರಶ್ನೆ: ನನಗೆ ಜರ್ಮನಿಯ ಕಲೋನ್ ಕೆಥೆಡ್ರಲ್ ಮುಂದಿನ ಟ್ಯಾಂಕ್ ಕಾಳಗ ಮಾಡಬೇಕು. ಕೆಥೆಡ್ರಲ್ ಪೂರ್ತಿ ಬೇಕು. ಆಗುತ್ತದಾ?
(ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಪೂರ್ತಿ ಬೇಕು ಅಂದರೆ ಮನೆಯ ಛಾವಣಿ ನೋಡಿಕೊಳ್ಳಿ. ಗೋಪುರಗಳ ಎತ್ತರ 157 ಮೀಟರ್, 1/72ರಲ್ಲಿ 2.18 ಮೀಟರ್! 1/35ರಲ್ಲಿ ನಾಲ್ಕೂವರೆ ಮೀಟರ್. 1945ರ ಮಾರ್ಚ್ 6ರಂದು ಅಮೆರಿಕದ ಪರ್ಶಿಂಗ್ ಟ್ಯಾಂಕ್ ಆ ಚರ್ಚಿನ ಬಳಿ ಜರ್ಮನ್ ಪ್ಯಾಂಥರ್ ಟ್ಯಾಂಕನ್ನು ಹೊಡೆದು ನಾಶ ಮಾಡಿದ್ದನ್ನು ಸೇನೆಯ ಕ್ಯಾಮೆರಾಮನ್ ಚಿತ್ರೀಕರಿಸಿದ್ದರಿಂದ ಎಲ್ಲರಿಗೂ ಆ ದೃಶ್ಯ ಗೊತ್ತು. ನನಗನ್ನಿಸುವುದು, ಪ್ಯಾಂಥರ್, ಅದರ ಸುತ್ತಲಿನ ನೆಲಗಲ್ಲು, ಚರ್ಚಿನ ಗೋಡೆಯ ಬುಡ ಮಾತ್ರ ಮಾಡಿ. ಪ್ಯಾಂಥರ್ ತೋಪು ಸೇರಿ 1/72ರಲ್ಲಿ 12 ಸೆಂಟಿಮೀಟರ್ ಉದ್ದ. ಬೃಹತ್ ಕಂಬಗಳ ಬುಡ ಕಂಡರೆ ಉಳಿದ ಎತ್ತರವನ್ನು ನೋಡುವವರೇ ಕಟ್ಟಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಕಲೋನ್ ಮೇಲೆ ಸಾವಿರ ವಿಮಾನಗಳ ದಾಳಿ ಆದದ್ದು 1942ರ ಮೇ ಕೊನೆಯಲ್ಲಿ, ಆಮೇಲೂ ಬಾಂಬ್ ಬೀಳುತ್ತಲೇ ಇತ್ತು. ಅಲ್ಲಿಯ ಎಷ್ಟೋ ಗೋಡೆಗಳು ಅಷ್ಟರಲ್ಲಿ ವರ್ಷಗಟ್ಟಲೆ ಮಳೆ ತಿಂದಿದ್ದವು. ಅಂಥ ಕಡೆ ಅಂಚುಗಳು ಸವೆದಿರುತ್ತವೆ, ಪುಡಿ ತೊಳೆದು ಹೋಗಿರುತ್ತದೆ, ರಾಶಿಯನ್ನು ಬದಿಗೆ ಸರಿಸಿ ದಾರಿ ಮಾಡಿರುತ್ತಾರೆ. ಒರ್ಟೋನಾದ ರಾಶಿಗೆ ಒಂದೆರಡು ದಿನದ ವಯಸ್ಸು, ಮುರಿದ ಅಂಚೆಲ್ಲ ಇನ್ನೂ ಬೆಳ್ಳಗೆ, ಚೂಪಾಗಿ. ಎರಡಕ್ಕೂ ಒಂದೇ ಬಣ್ಣ ಹೊಡೆಯುವ ಹಾಗಿಲ್ಲ.

ಚರ್ಚ್ ಇರಲೇಬೇಕು ಅಂದರೆ ಒರ್ಟೋನಾದಲ್ಲೂ ಒಂದಿದೆ. ಕ್ರಿಸ್ತನ ಶಿಷ್ಯ ಸಂತ ತೋಮರ ಅಸ್ಥಿಗಳನ್ನು 1258ರಿಂದ ಅಲ್ಲೇ ಇಟ್ಟಿದ್ದಾರೆ ಅಂತ ನಂಬಿಕೆ. ಭಾರತಕ್ಕೆ ಬಂದು ಮೈಲಾಪುರದಲ್ಲಿ ಪ್ರಾಣ ಬಿಟ್ಟರು ಅಂತ ನಮ್ಮ ದಕ್ಷಿಣದ ಕ್ರೈಸ್ತರು ನೆನೆಯುವ ಅದೇ ತೋಮರು. ಆ ಡಿಸೆಂಬರಿನಲ್ಲಿ ಚರ್ಚಿನ ಒಂದು ಭಾಗ ಕುಸಿದು, ಗುಮ್ಮಟ ಬಾಯ್ದೆರೆದು ನಿಂತಿತ್ತು. ಕಲೋನ್‌ಗಿಂತ ಎಷ್ಟೋ ಚಿಕ್ಕದು, ಕೈಗೆಟುಕುವಂಥದ್ದು.

ಪ್ರಶ್ನೆ: ಟ್ಯಾಂಕ್ ಬೀದಿಯ ಮೇಲೆ ತೇಲುತ್ತಿರುವಂತೆ ಕಾಣುತ್ತದೆ. ಭಾರ ಬರುವುದು ಹೇಗೆ?
(ಓದುಗರು, ಮೈಸೂರು)

ನೆಲ ಒಣಗುವ ಮುಂಚೆ ಟ್ಯಾಂಕ್ ಇಡಬೇಕು. ನೆಲದ ಮಿಶ್ರಣ ಹಸಿಯಾಗಿರುವಾಗ ಟ್ಯಾಂಕಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒತ್ತಿ ತೆಗೆಯಿರಿ, ಟ್ರ್ಯಾಕ್‌ಗೆ (ಚಕ್ರಗಳ ಸುತ್ತ ಓಡುವ ಉಕ್ಕಿನ ಪಟ್ಟಿ) ಸರಿಯಾದ ಅಚ್ಚು ಮೂಡುತ್ತದೆ. 30 ಟನ್ ಭಾರ ಹಾದ ಕಡೆ ಇಟ್ಟಿಗೆ ಇಟ್ಟಿಗೆಯಾಗಿ ಉಳಿಯುವುದಿಲ್ಲ, ಪುಡಿಯಾಗಿರುತ್ತದೆ. ಟ್ಯಾಂಕಿನ ಹಿಂದೆ ಎರಡು ಪಟ್ಟಿ ಆ ಪುಡಿ ಕಾಣಲಿ. ಟ್ರ್ಯಾಕ್ ಜೋತು ಬೀಳಿಸಿದರೆ ಭಾರ ಕಾಣುತ್ತದೆ ಅಂತ ಕೆಲವರು ಹೇಳುತ್ತಾರೆ. ಪ್ಯಾಂಥರ್, ಸೋವಿಯತ್ ಟ್ಯಾಂಕ್ ಟಿ-34ಗೆ ಅದು ಸರಿ. ಶರ್ಮನ್‌ನಲ್ಲಿ ಮೇಲಿನ ಟ್ರ್ಯಾಕನ್ನು ಎತ್ತಿ ಹಿಡಿಯುವ ಉರುಳೆಗಳಿವೆ, ಜಾಸ್ತಿ ಜೋಲಾಡುವುದಿಲ್ಲ.

ಬಣ್ಣದಲ್ಲೂ ಟ್ಯಾಂಕ್ ಮತ್ತು ಬೀದಿ ಒಂದಾಗಬೇಕು. ರಾಶಿಗೆ ಬಳಸಿದ ಪುಡಿಯನ್ನೇ ಸ್ವಲ್ಪ ನೀರು, ಬಣ್ಣ ಸೇರಿಸಿ ಟ್ಯಾಂಕಿನ ಕೆಳಭಾಗಕ್ಕೂ ಹಚ್ಚಿ. ಆ ಡಿಸೆಂಬರಿನಲ್ಲಿ ಅಲ್ಲಿ ಮಳೆ, ಕೆಸರು. ಗಾರೆಯ ದೂಳು ನೆನೆದು ಬೂದು ಬಣ್ಣದ ಅಂಬಲಿಯಾಗಿ ಎಲ್ಲದಕ್ಕೂ ಮೆತ್ತಿಕೊಂಡಿರುತ್ತದೆ. ಮೇಲೆ, ಇಂಜಿನ್ ಮುಚ್ಚಳದ ಮೇಲೆ ನಾಲ್ಕಾರು ಹೆಂಚಿನ ಚೂರು ಬಿದ್ದಿರಲಿ.

ಪ್ರಶ್ನೆ: 1/35 ಕೊಳ್ಳಲೋ 1/72 ಕೊಳ್ಳಲೋ? 1/35 ಅನ್ನುವ ವಿಚಿತ್ರ ಅಳತೆ ಎಲ್ಲಿಂದ ಬಂತು?
(ಓದುಗರು, ಶಿವಮೊಗ್ಗ)

ಜಪಾನಿನ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸುವಷ್ಟು ಜಾಗ ಬೇಕಿತ್ತು. ಹಾಗೆ ಬಂದ ಗಾತ್ರವನ್ನು ಲೆಕ್ಕ ಹಾಕಿದರೆ ಸುಮಾರು 1/35 ಆಯಿತು, ಮುಂದೆ ಅದೇ ರೂಢಿಯಾಯಿತು. ಒಂಟಿ ಟ್ಯಾಂಕ್ ಸಾಕು ಅನ್ನುವವರಿಗೆ 1/35 ಚೆನ್ನ. ಬೀದಿ ಬೇಕು ಅನ್ನುವವರಿಗೆ 1/72. ಅದೇ 10 ಮೀಟರ್ ಮನೆ 1/35ರಲ್ಲಿ 28 ಸೆಂಟಿಮೀಟರ್ ದಾಟುತ್ತದೆ, ಇಡಲು ಕಪಾಟು ಬೇಕಲ್ಲ.

ಪ್ರಶ್ನೆ: ಮಗನಿಗೆ 14 ವರ್ಷ. ಈ ಹವ್ಯಾಸ ಹಿಡಿದಿದ್ದಾನೆ. ಜನ ಸತ್ತ ಬೀದಿಯನ್ನು ಆಟದ ಸಾಮಾನು ಮಾಡುವುದು ಸರಿಯಾ ಅಂತ ನನಗೆ ಚಿಂತೆ.
(ತಾಯಿ, ದಾವಣಗೆರೆ)

ನಿಮ್ಮ ಚಿಂತೆ ಸರಿಯಾದದ್ದೇ. ಒರ್ಟೋನಾದಲ್ಲಿ ಸತ್ತ ಊರಿನ ಜನರೇ 1,300ಕ್ಕೂ ಹೆಚ್ಚು. ಕೆನಡಾದವರ ಸಮಾಧಿಗಳು ಹತ್ತಿರದ ಮೋರೋ ನದಿಯ ಬಳಿ ಸಾಲಾಗಿವೆ. ಇನ್ನಷ್ಟು ದಕ್ಷಿಣಕ್ಕೆ ಸಾಂಗ್ರೋ ನದಿಯ ಸ್ಮಶಾನದಲ್ಲಿ ಭಾರತೀಯ ಸೈನಿಕರ ಹೆಸರುಗಳೂ ಇವೆ. ನನ್ನ ಅನುಭವದಲ್ಲಿ ಟ್ಯಾಂಕ್ ಒಂದನ್ನೇ ಮಾಡುವ ಹುಡುಗರು ತೋಪು, ಉಕ್ಕಿನ ದಪ್ಪದ ಬಗ್ಗೆ ಮಾತಾಡುತ್ತಾರೆ. ಬೀದಿ ಮಾಡಲು ಕೂತವರು ಮನೆ ಯಾರದು ಅಂತ ಕೇಳಲು ಶುರು ಮಾಡುತ್ತಾರೆ, ಯಾಕೆಂದರೆ ಕೇಳದೆ ಕೆಲಸ ಮುಂದೆ ಹೋಗುವುದಿಲ್ಲ. ಒಡೆದ ಗೋಡೆಯ ಒಳಮೈಗೆ ಬಣ್ಣ ಹಚ್ಚುವಾಗ ಪ್ರತಿ ಕೋಣೆಗೂ ಬೇರೆ ಬಣ್ಣ ಬೇಕು. ಅಡುಗೆಮನೆಯ ಗೋಡೆಗೆ ಹೊಗೆಯ ಕಪ್ಪು ಬೇಕು. ತಂತಿ ಬಗ್ಗಿಸಿ ಒಂದು ಕಬ್ಬಿಣದ ಮಂಚ ಮಾಡಿ ಅರ್ಧ ಮುರಿದ ಮಹಡಿಯ ಅಂಚಿನಲ್ಲಿ ಇಡಬೇಕು. ಈ ಕೆಲಸಗಳನ್ನು ಮಗನಿಗೆ ಹೇಳಿ, ಜೊತೆಗೆ ಕೂತು ಆ ಊರಿನ ಕತೆಯನ್ನೂ ಓದಿ. ಸತ್ತವರ ಗೊಂಬೆ, ಕೆಂಪು ಬಣ್ಣ ಇವೆಲ್ಲ ಬೇಡ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ನಾಜಿ ಬಾವುಟ, ಲಾಂಛನಗಳನ್ನು ಅಲಂಕಾರಕ್ಕೆ ಅಂತ ತೂಗುಹಾಕುವುದೂ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಪ್ಲಾಸ್ಟರ್ ಒಣಗುವುದೇ ಇಲ್ಲ, ವಾರ್ನಿಷ್ ಬೆಳ್ಳಗಾಗುತ್ತದೆ. ಮುಗಿದ ಮೇಲೆ ದೂಳಿನಿಂದ ಕಾಪಾಡುವುದು ಹೇಗೆ?
(ಓದುಗರು, ಮಂಗಳೂರು)

ಪ್ಲಾಸ್ಟರ್ ಬೇಗ ಗಟ್ಟಿಯಾದರೂ ಒಳಗಿನ ನೀರು ಹೋಗಲು ದಿನಗಳು ಬೇಕು. ಫ್ಯಾನ್ ಕೆಳಗೆ, ಎರಡೂ ಮೈಗೆ ಗಾಳಿ ಆಡುವಂತೆ ಕಡ್ಡಿಗಳ ಮೇಲೆ ಇಡಿ. ಒಣಗದ ಗೋಡೆಗೆ ಬಣ್ಣ ಹಚ್ಚಿದರೆ ಆಮೇಲೆ ಚಕ್ಕೆ ಏಳುತ್ತದೆ. ಸ್ಪ್ರೇ ವಾರ್ನಿಷ್ ಅನ್ನು ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಹೊಡೆಯಲೇಬೇಡಿ. ಬ್ರಷ್‌ನಲ್ಲಿ ಹಚ್ಚುವ ನೀರಿನ ಮ್ಯಾಟ್ ವಾರ್ನಿಷ್ ಸಾಕು. ರಾಶಿ ಅಂಟಿಸಲು ಒಂದು ಪಾಲು ಫೆವಿಕಾಲ್‌ಗೆ ಎರಡು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಡ್ರಾಪರ್‌ನಲ್ಲಿ ಬಿಡಿ. ಸೋಪು ಇದ್ದರೆ ಅಂಟು ಮೇಲೆ ಗುಂಡಗೆ ನಿಲ್ಲದೆ ಒಳಗೆ ಇಳಿಯುತ್ತದೆ.

ದೂಳಿಗೆ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ, ಬೋರ್ಡ್ ಮಾಡುವ ಅಂಗಡಿಯವರು ಅಳತೆಗೆ ಕತ್ತರಿಸಿ ಕೊಡುತ್ತಾರೆ. ಅತಿ ಎತ್ತರದ ಗೋಡೆಗಿಂತ 2 ಸೆಂಟಿಮೀಟರ್ ಜಾಸ್ತಿ ಇರಲಿ. ಮುಚ್ಚಳವನ್ನು ಹಲಗೆಗೆ ಅಂಟಿಸಬೇಡಿ, ಸುಮ್ನೆ ತೋಡಿನಲ್ಲಿ ಕೂರಿಸಿ. ಫೋಟೋ ತೆಗೆಯುವಾಗ ಅದನ್ನು ಎತ್ತಬೇಕಾಗುತ್ತದೆ, ಮತ್ತೆ ಫೋನನ್ನು ಹಲಗೆಯ ಮಟ್ಟಕ್ಕೇ ಇಳಿಸಬೇಕಾಗುತ್ತದೆ. ಬೀದಿಯಲ್ಲಿ ನಿಂತವನ ಕಣ್ಣಿನ ಎತ್ತರ ಆ ಅಳತೆಯಲ್ಲಿ 22 ಮಿ.ಮೀ. ಮಾತ್ರ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ.